ನಸುಕಿನ ನಾಲ್ಕು ಹತ್ತರ ಜೋಗುಳ

ಬುಧವಾರ ಬೆಳಿಗ್ಗೆ ಹತ್ತೂಕಾಲು. ಗ್ರಂಥಾಲಯದ ಕಂಪ್ಯೂಟರ್ ಕೋಣೆ. ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಇದ್ದಕ್ಕಿದ್ದಂತೆ ಒಂದು ಕೂಗು.

"ನಮ್ಮಮ್ಮ ಕಾಣ್ತಾ ಇಲ್ಲ!"

ಕೂಗಿದ್ದು ಮಗುವಲ್ಲ. ಅರವತ್ತೆಂಟು ವರ್ಷದ ಗಡಿಯಾರದಜ್ಜ. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ, ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿ, ಈಗ ದಿನವೂ ಇಲ್ಲಿ ಬಂದು ಹಾಡು ಕೇಳುವವರು. ಎರಡನೇ ಕಂಪ್ಯೂಟರಿನ ಮುಂದೆ ನಿಂತು ಕಿವಿಯ ಹೆಡ್‌ಫೋನನ್ನು ಕಿತ್ತು ಕೈಯಲ್ಲಿ ಹಿಡಿದಿದ್ದರು.

ಹದ್ದಕ್ಕ ಎದ್ದಳು. ಅವಳು ಆ ಕೋಣೆಯ ಉಸ್ತುವಾರಿ. ಐದು ಕಂಪ್ಯೂಟರು, ಐದು ಮೌಸು, ಊರಿನವರಿಗೆಲ್ಲ ಸೇರಿದ್ದು; ಕಾಯುವ ಕಣ್ಣು ಮಾತ್ರ ಅವಳೊಬ್ಬಳದೇ. ಕೀಬೋರ್ಡಿನ ಸಂದಿಯ ಬಿಸ್ಕತ್ತಿನ ಪುಡಿ ನೋಡಿ ತಿಂದವರು ಯಾರೆಂದು ಹೇಳಬಲ್ಲಳು. ಆ ಅಡ್ಡಹೆಸರು ಬಂದದ್ದು ಹಾಗೆ. ಅವಳ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

"ಅಜ್ಜ, ಕೂತ್ಕೊಳ್ಳಿ. ನೀರು ಕುಡೀರಿ. ಆಮೇಲೆ ಹೇಳಿ."

"ನೀರಲ್ಲ ತಾಯಿ, ಪೊಲೀಸರನ್ನ ಕರಿ!"

"ಮೊದಲು ನಾನು ನೋಡ್ತೀನಿ," ಅಂದಳು ಹದ್ದಕ್ಕ. ಈ ಮಾತು ಹೇಳಬೇಕೆಂದು ಅವಳು ಹನ್ನೆರಡು ವರ್ಷದಿಂದ ಕಾಯುತ್ತಿದ್ದಳು.

* * *

ಅಜ್ಜನ ಆಸ್ತಿಯೆಲ್ಲ ಒಂದು ಕನ್ನಡಕದ ಡಬ್ಬಿಯಲ್ಲಿತ್ತು. ಡಬ್ಬಿಯೊಳಗೆ ಅಂಗೈಯಗಲದ ಕಪ್ಪು ಹಾರ್ಡ್ ಡಿಸ್ಕು. ಅದರೊಳಗೆ ಒಂಬತ್ತು ಸಾವಿರದ ನಾನೂರ ಹನ್ನೆರಡು ಹಾಡು. ಹಳೆಯ ಕ್ಯಾಸೆಟ್ಟುಗಳಿಂದ ಒಂದೊಂದಾಗಿ ಇಳಿಸಿಕೊಂಡದ್ದು. ಹಾಡು ನುಡಿಸುವ ತಂತ್ರಾಂಶವೂ ಅದೇ ಡಿಸ್ಕಿನಲ್ಲಿ. ಯಾವ ಕಂಪ್ಯೂಟರಿಗೆ ಚುಚ್ಚಿದರೂ ಅವರದೇ ಪಟ್ಟಿ, ಅವರದೇ ಕ್ರಮ, ಮೆಚ್ಚಿದ ಹಾಡಿಗೆ ಅವರು ಕೊಟ್ಟ ನಕ್ಷತ್ರಗಳು ತೆರೆದುಕೊಳ್ಳುತ್ತಿದ್ದವು. ಯಂತ್ರ ಊರಿನದು, ಸಂಗೀತ ನಂದು ಎಂದು ಅಜ್ಜ ಜಂಬ ಪಡುತ್ತಿದ್ದರು.

ಮನೆಯಲ್ಲಿ ಕಂಪ್ಯೂಟರಿಲ್ಲ. ಆದ್ದರಿಂದ ಡಬ್ಬಿ ಇಲ್ಲೇ, ಹದ್ದಕ್ಕನ ಮೇಜಿನ ಡ್ರಾಯರಿನಲ್ಲಿ ಬೀಗದೊಳಗೆ. ಅಜ್ಜ ಹತ್ತಕ್ಕೆ ಬರುವರು, ಹನ್ನೆರಡೂವರೆಗೆ ಡಬ್ಬಿ ಒಪ್ಪಿಸಿ ಮನೆಗೆ ಹೋಗುವರು.

"ಯಾವ ಹಾಡು ಹೋಗಿದೆ?"

"ಜೋಗುಳ. ನಮ್ಮಮ್ಮ ಹಾಡಿದ್ದು. ಐವತ್ತು ವರ್ಷದ ಹಿಂದೆ ನನ್ನ ತಂಗಿಗೆ ಹಾಡ್ತಿದ್ದಾಗ ಟೇಪ್ ಮಾಡಿದ್ದೆ. ಇಲ್ಲಿಗೆ ಇಳಿಸಿದ ಮಾರನೇ ದಿನಾನೇ ಟೇಪು ಸಿಕ್ಕಿಹಾಕ್ಕೊಂಡು ಚೂರುಚೂರಾಯ್ತು. ಇರೋದು ಇದೊಂದೇ. ಮೊನ್ನೆ ಮೊಮ್ಮಗಳು ಹುಟ್ಟಿದಾಳಲ್ಲ, ಶುಕ್ರವಾರ ಆಸ್ಪತ್ರೆಯಿಂದ ಮಗಳ ಮನೆಗೆ ಬರ್ತಾಳೆ. ಮುತ್ತಜ್ಜಿ ದನೀಲೇ ಅವಳನ್ನ ಮಲಗಿಸ್ಬೇಕು ಅಂತ ಇಟ್ಕೊಂಡಿದ್ದೆ. ಇಳಿಸಿದ ಮೇಲೆ ನಾನೂ ಕೇಳಿರ್ಲಿಲ್ಲ. ಅವಳ ಜೊತೇಲೇ ಕೇಳೋಣ ಅಂತ."

ಶುಕ್ರವಾರಕ್ಕೆ ಇನ್ನೆರಡೇ ದಿನ.

ಹದ್ದಕ್ಕ ಪರದೆ ನೋಡಿದಳು. ಪಟ್ಟಿಯ ತುದಿಯಲ್ಲಿ 'ಅಮ್ಮ' ಎಂಬ ಹೆಸರು ಬೂದುಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಒಂದು ಕೆಂಪು ಗುರುತು. ಹೆಸರಿದೆ, ಹಾಡಿಲ್ಲ. ಉಳಿದ ಒಂಬತ್ತು ಸಾವಿರದ ನಾನೂರ ಹನ್ನೊಂದೂ ಜಾಗದಲ್ಲೇ ಇದ್ದವು.

"ಎಲ್ಲಾ ಹೋಗಿದ್ರೆ ನಾನು ಹೆದರ್ತಿರ್ಲಿಲ್ಲ," ಅಂದಳು. "ಯಂತ್ರ ಬದಲಾದಾಗ ಡಿಸ್ಕಿಗೆ ಅದು ಕೊಡೋ ಗುರುತಿನ ಅಕ್ಷರ ಬದಲಾಗುತ್ತೆ, ಎಲ್ಲಾ ಹಾಡೂ ದಾರಿ ತಪ್ಪುತ್ವೆ. ಅದು ಯಂತ್ರದ ತಪ್ಪು. ಒಂದೇ ಒಂದು ಹೋಗಿದೆ ಅಂದ್ರೆ ಅದು ಮನುಷ್ಯರ ಕೈ."

ಖಾಲಿ ಡಬ್ಬಿಯನ್ನು ಕೈಗೆತ್ತಿಕೊಂಡಳು. "ಅಜ್ಜ, ಡಬ್ಬಿ ತೆರೆದಾಗ ಡಿಸ್ಕಿನ ವೈರು ಹೇಗೆ ಸುತ್ತಿತ್ತು?"

"ಬೆಳಿಗ್ಗೆ ಎಡಕ್ಕೆ ಸುತ್ತಿತ್ತು. ನನ್ನದು ನಲವತ್ತು ವರ್ಷ ಚಾವಿ ಕೊಟ್ಟ ಕೈ, ಬಲಕ್ಕಲ್ದೆ ತಿರುಗೋದೇ ಇಲ್ಲ. ಮೂರ್ನಾಲ್ಕು ವಾರದಿಂದ ಹಾಗೇ ಇರುತ್ತೆ. ನೀನು ಕದ್ದು ಹಾಡು ಕೇಳ್ತೀಯೇನೋ ಅಂದ್ಕೊಂಡೆ. ಕೇಳ್ಕೊಳ್ಳಲಿ ಪಾಪ ಅಂತ ಸುಮ್ನಿದ್ದೆ."

"ನಾನಾ?"

"ಬೀಗದ ಕೈ ನಿನ್ನ ಹತ್ರ ತಾನೇ ಇರೋದು?"

ಬೀಗದ ಕೈ ಗುಂಡುಸೂಜಿ ಡಬ್ಬಿಯೊಳಗಿತ್ತು. ಸೂಜಿ ಡಬ್ಬಿ ಮೇಜಿನ ಮೇಲಿತ್ತು. ಊರಿಗೆಲ್ಲ ಕಣ್ಣಿಡುವವಳ ಡ್ರಾಯರಿನ ಕೀಲಿ ಊರಿಗೆಲ್ಲ ಕಾಣುವಂತಿತ್ತು. ಹದ್ದಕ್ಕ ಮೆಲ್ಲಗೆ ಸೂಜಿ ಡಬ್ಬಿಯನ್ನು ಫೈಲಿನ ಹಿಂದೆ ಸರಿಸಿದಳು.

* * *

ಆ ತಂತ್ರಾಂಶಕ್ಕೊಂದು ಒಳ್ಳೆಯ ಅಭ್ಯಾಸವಿತ್ತು. ಯಾವ ಹಾಡನ್ನು ಯಾವಾಗ ನುಡಿಸಿದೆ ಎಂದು ಡಿಸ್ಕಿನಲ್ಲೇ ಬರೆದಿಡುತ್ತಿತ್ತು. ಹದ್ದಕ್ಕ ಆ ಪಟ್ಟಿ ತೆರೆದಳು. 'ಅಮ್ಮ' ಎಂದು ಹುಡುಕಿದಳು.

ಇಪ್ಪತ್ತಮೂರು ಸಲ!

ಒಂದು ಸಲವೂ ಕೇಳದೆ ಜೋಪಾನ ಮಾಡಿದ ಹಾಡನ್ನು ಯಾರೋ ಇಪ್ಪತ್ತಮೂರು ಸಲ ಕೇಳಿದ್ದರು. ಪಕ್ಕದ ಕಾಲಮ್ಮಿನಲ್ಲಿ ಗಂಟೆ. ನಸುಕಿನ 4:10. ನಸುಕಿನ 4:12. ಮತ್ತೆ 4:10. 4:09. ಎಲ್ಲವೂ ಆಸುಪಾಸಿನಲ್ಲೇ.

"ನಸುಕಿನ ನಾಲ್ಕಕ್ಕೆ ಇಲ್ಲಿ ಇರೋದು ಯಾರು?" ಅಜ್ಜ ಪಿಸುಗುಟ್ಟಿದರು.

ಇರುವುದು ಒಬ್ಬನೇ. ಕಾವಲುಗಾರ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತೇ? ಅವನನ್ನು ಕರೆಸಿದರು. ಆರಡಿ ಎತ್ತರ, ಹುರಿ ಮೀಸೆ, ಹಗಲಲ್ಲೂ ಕೈಯಲ್ಲಿ ಟಾರ್ಚು.

"ನಸುಕಿನ ನಾಲ್ಕಕ್ಕೆ ಏನ್ ಮಾಡ್ತಿರ್ತೀಯ?"

"ಸುತ್ತು ಹಾಕ್ತಿರ್ತೀನಿ ಮೇಡಂ."

"ಎಲ್ಲಿ?"

"ಎಲ್ಲಾ ಕಡೆ."

"ಹಾಗಾದ್ರೆ ನಾಲ್ಕಕ್ಕೆ ಎಸೆದ ಕಟ್ಟು ದಿನಾ ನಿನ್ನ ಹೊಟ್ಟೆ ಮೇಲೇ ಬೀಳುತ್ತೆ ಅಂತ ಪೇಪರಿನವನು ಯಾಕೆ ಹೇಳ್ತಾನೆ?"

ಕಾವಲುಗಾರನ ಮೀಸೆ ಇಳಿಯಿತು. "ಮೇಡಂ, ಎರಡರಿಂದ ಆರರ ತನಕ ಒಂಚೂರು ಕಣ್ಣು ಮುಚ್ತೀನಿ. ಮೇಲಿನವರಿಗೆ ಹೇಳಬೇಡಿ. ನಾನು ಕಳ್ಳ ಅಲ್ಲ, ನಿದ್ದೆಗೇಡಿ... ಅಲ್ಲ, ನಿದ್ದೆಗಾರ."

ಹದ್ದಕ್ಕನಿಗೆ ನಗು ಬಂತು. ಅದರ ಜೊತೆಗೇ ಇನ್ನೊಂದು ಮಾತೂ ಹೊಳೆಯಿತು. ಕೋಣೆಯ ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗವಿದೆ. ಆ ಕೀಲಿ ಮಾತ್ರ ಸೂಜಿ ಡಬ್ಬಿಯಲ್ಲಿಲ್ಲ, ಅವಳ ಚೀಲದಲ್ಲಿ ಅವಳೊಂದಿಗೇ ಮನೆಗೆ ಹೋಗುತ್ತದೆ. ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಕರೆಂಟು ಹಾಕುವವಳು ಅವಳೇ, ಸಂಜೆ ಐದಕ್ಕೆ ತೆಗೆಯುವವಳೂ ಅವಳೇ.

ಅಂದಮೇಲೆ ನಸುಕಿನಲ್ಲಿ ಇಲ್ಲಿ ಯಾವ ಕಂಪ್ಯೂಟರೂ ಉಸಿರಾಡುವುದೇ ಇಲ್ಲ. ಆದರೂ ಪಟ್ಟಿಯಲ್ಲಿ 4:10 ಇದೆ.

"ದೆವ್ವಕ್ಕೆ ಕರೆಂಟು ಬೇಡ," ಅಂದ ಕಾವಲುಗಾರ. ಆ ರಾತ್ರಿ ಅವನು ಗೇಟಿನ ಹೊರಗೆ ಮಲಗಿದ ಎಂದು ಆಮೇಲೆ ತಿಳಿಯಿತು.

* * *

ಗುರುವಾರ. ಅಜ್ಜ ಬಂದರು, ಆದರೆ ಹೆಡ್‌ಫೋನು ಮುಟ್ಟಲಿಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತು ಮೊಣಕಾಲು ತಡವಿಕೊಳ್ಳುತ್ತಿದ್ದರು. ಅದನ್ನು ನೋಡಲಾಗದೆ ಹದ್ದಕ್ಕ ಕಸ ಗುಡಿಸುವ ಅಮ್ಮನನ್ನು ಹಿಡಿದಳು.

ಮಧ್ಯಾಹ್ನ ಒಂದರಿಂದ ಎರಡು ಗ್ರಂಥಾಲಯಕ್ಕೆ ಊಟದ ಬಿಡುವು. ಹದ್ದಕ್ಕ ಮುಂಬಾಗಿಲು ಹಾಕಿ ಮನೆಗೆ ಹೋಗುವಳು. ಒಳಗೆ ಉಳಿಯುವವರು ಇಬ್ಬರೇ. ಕಸ ಗುಡಿಸುವ ಅಮ್ಮ. ಮತ್ತೆ ಲೆಕ್ಕದ ಮೇಷ್ಟ್ರು. ನಿವೃತ್ತರು, ಮಧ್ಯಾಹ್ನ ಉಣ್ಣದವರು, ಪಕ್ಕದ ಓದುವ ಕೋಣೆಯಲ್ಲಿ ಪತ್ರಿಕೆ ಹಿಡಿದು ಕೂರುವವರು. ಎರಡೂ ಕೋಣೆಗಳ ನಡುವಿನ ಬಾಗಿಲಿಗೆ ಚಿಲಕವಷ್ಟೇ.

ಮೇಷ್ಟ್ರ ಮೇಲೆ ಅನುಮಾನ ಪಡುವುದಾದರೂ ಹೇಗೆ? ಸಂಗೀತ ಅಂದರೆ ಅವರಿಗಾಗದು. ಅಜ್ಜನ ಹೆಡ್‌ಫೋನಿನಿಂದ ಸೋರುವ ಸದ್ದಿನ ಮೇಲೆ ದೂರು ಪುಸ್ತಕದಲ್ಲಿ ಹನ್ನೊಂದು ಸಲ ಬರೆದವರು. ಅಜ್ಜನೇ ಬೆಟ್ಟು ಮಾಡಿದ್ದರು: "ಹಾಡು ಅಳಿಸಿದ್ದು ಅವರೇ. ದ್ವೇಷ!"

ಹದ್ದಕ್ಕ ಒಪ್ಪಿರಲಿಲ್ಲ. "ದ್ವೇಷ ಇರೋರು ಇಪ್ಪತ್ತಮೂರು ಸಲ ಕೇಳಲ್ಲ ಅಜ್ಜ."

ಕಸ ಗುಡಿಸುವ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಬಿಡುವಿನಲ್ಲಿ ಯಾರನ್ನೂ ನೋಡಿಲ್ಲಮ್ಮ. ನಾನು ಹಿತ್ತಲ ಮೆಟ್ಟಿಲು ತೊಳೀತಿರ್ತೀನಿ. ಆದ್ರೆ ನಿಮ್ಮ ಮೂಲೆ ಯಂತ್ರ ರಿಪೇರಿ ಮಾಡ್ಸಿ."

"ಯಾವುದು? ಮೂರನೇದಾ? ಏನಾಗಿದೆ?"

"ಮಧ್ಯಾಹ್ನ ಗೊರಕೆ ಹೊಡೆಯುತ್ತೆ."

"ಗೊರಕೆಯಾ?"

"ಹೂಂ ಅಂದ್ರೆ ಹೂಂ. ಕಿಟಕಿಯಿಂದ ಕೇಳ್ಸುತ್ತೆ. ಒಂದು ತಿಂಗಳಾಯ್ತು. ಫ್ಯಾನು ತುಕ್ಕು ಹಿಡಿದಿರಬೇಕು."

ಮೂರನೇ ಕಂಪ್ಯೂಟರು, ಬೇರೆ ಯಾವುದೂ ಖಾಲಿ ಇಲ್ಲದಾಗಷ್ಟೇ ಜನ ಮುಟ್ಟುವಂಥದ್ದು. ಅದರ ಇಂಟರ್ನೆಟ್ಟಿನ ತಂತಿಯನ್ನು ಇಲಿ ಕಡಿದು ಬಹಳ ದಿನವಾಗಿತ್ತು. ಎರಡು ತಿಂಗಳ ಹಿಂದೆ ಒಳಗಿನ ಗಡಿಯಾರವೂ ಸತ್ತಿತು. ಅಜ್ಜ ವಾರಕ್ಕೊಮ್ಮೆ ಗೊಣಗುತ್ತಿದ್ದರು: "ಒಂದು ಬಟನ್ ಬ್ಯಾಟರಿ ಹಾಕಿದ್ರೆ ಸಾಕು, ನನ್ನ ಜೇಬಲ್ಲೇ ಇದೆ. ಸತ್ತ ಗಡಿಯಾರ ನೋಡ್ತಾ ಹೇಗೆ ಕೂರಲಿ?" ಅವಳು ಪ್ರತಿ ಸಲವೂ ಅದೇ ಉತ್ತರ ಕೊಡುತ್ತಿದ್ದಳು: "ಅರ್ಜಿ ಹಾಕಿದೀನಿ ಅಜ್ಜ. ಅಪ್ಪಣೆ ಬರೋ ತನಕ ಮುಟ್ಟೋ ಹಾಗಿಲ್ಲ."

ಸತ್ತ ಗಡಿಯಾರ.

ಹದ್ದಕ್ಕ ಓಡಿದಳು. ಡಿಸ್ಕು ಚುಚ್ಚಿ ಮತ್ತೆ ಆ ಪಟ್ಟಿ ತೆರೆದಳು. ಕಾಲಮ್ಮು ಕಿರಿದಾಗಿತ್ತು, ಗಂಟೆ ಮಾತ್ರ ಕಾಣುತ್ತಿತ್ತು, ತಾರೀಕು ಮರೆಯಾಗಿತ್ತು. ಅಂಚು ಹಿಡಿದು ಎಳೆದಳು. ತಾರೀಕುಗಳು ಹೊರಬಂದವು.

ಜನವರಿ ಒಂದು. ಜನವರಿ ಒಂದು. ಜನವರಿ ಒಂದು. ಇಪ್ಪತ್ತಮೂರೂ ಒಂದೇ ದಿನ. ಅದೂ ಈ ಡಿಸ್ಕು ತಯಾರಾಗುವುದಕ್ಕೂ ಎಷ್ಟೋ ವರ್ಷ ಮೊದಲಿನದು!

ನಾಲ್ಕು ನಿಮಿಷದ ಜೋಗುಳವನ್ನು ಒಂದೇ ದಿನ ಹತ್ತು ನಿಮಿಷದೊಳಗೆ ಇಪ್ಪತ್ತಮೂರು ಸಲ ಕೇಳಲು ದೆವ್ವಕ್ಕೂ ಆಗದು. ಹದ್ದಕ್ಕ ಕುರ್ಚಿಗೊರಗಿ ನಕ್ಕಳು. ಎದ್ದು ದೂರು ಪುಸ್ತಕ ತೆಗೆದು, ಹನ್ನೊಂದು ದೂರುಗಳನ್ನೂ ಬೆಳಕಿಗೆ ಹಿಡಿದು ನೋಡಿದಳು. ಇನ್ನೂ ನಕ್ಕಳು.

* * *

ಸಂಜೆ ನಾಲ್ಕೂ ಮೂವತ್ತೈದು. ಹದ್ದಕ್ಕ ಎಲ್ಲರನ್ನೂ ಕಂಪ್ಯೂಟರ್ ಕೋಣೆಗೆ ಸೇರಿಸಿದಳು. ಗಡಿಯಾರದಜ್ಜ, ಕಸ ಗುಡಿಸುವ ಅಮ್ಮ, ಕಾವಲುಗಾರ, ಲೆಕ್ಕದ ಮೇಷ್ಟ್ರು. ಮೇಷ್ಟ್ರು ಬಾಗಿಲ ಬಳಿಯ ಕುರ್ಚಿಯನ್ನೇ ಆರಿಸಿಕೊಂಡರು. ಎರಡು ದಿನದಲ್ಲಿ ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಹಾಡು ಕೇಳಿದ್ದು ನಸುಕಿನಲ್ಲಲ್ಲ," ಅಂದಳು ಹದ್ದಕ್ಕ. "ಹಾಡಹಗಲಲ್ಲಿ. ಮೂರನೇ ಯಂತ್ರದಲ್ಲಿ. ಅದರ ಬ್ಯಾಟರಿ ಸತ್ತಿದೆ. ನಾನು ಬೆಳಿಗ್ಗೆ ಒಂಬತ್ತಕ್ಕೆ ಕರೆಂಟು ಹಾಕಿದ ತಕ್ಷಣ ಅದಕ್ಕೆ ಜನವರಿ ಒಂದು, ಮಧ್ಯರಾತ್ರಿ ಹನ್ನೆರಡು. ದಿನಾ ಅದೇ. ಅಂದಮೇಲೆ ಅದರ ನಾಲ್ಕು ಹತ್ತು ಅಂದ್ರೆ ನಮಗೆ ಎಷ್ಟಾಯ್ತು?"

"ಒಂದು ಹತ್ತು," ಎಂದು ಮೇಷ್ಟ್ರ ಬಾಯಿಂದ ತಾನೇ ಉದುರಿತು. ಮೂವತ್ತೆಂಟು ವರ್ಷದ ಅಭ್ಯಾಸ. ಲೆಕ್ಕ ಕೇಳಿದರೆ ಉತ್ತರ ತಡೆಯಲಾಗದು. ಕುಂಬಳಕಾಯಿ ಕಳ್ಳ ಅಂದದ್ದಕ್ಕೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

"ಸರಿ ಉತ್ತರ. ಒಂದು ಹತ್ತು, ಊಟದ ಬಿಡುವು. ಒಳಗಿರೋರು ಇಬ್ಬರೇ. ಅಮ್ಮ ಮೆಟ್ಟಿಲು ತೊಳೀತಿದ್ರು, ಗೊರಕೆ ಕೇಳಿದ್ರು. ಫ್ಯಾನಿನ ಗೊರಕೆ ಅಲ್ಲ ಅದು. ಇನ್ನು ಡಿಸ್ಕಿನ ವೈರು ಎಡಕ್ಕೆ ಸುತ್ತಿತ್ತು. ಎಡಗೈಯವರು ಸುತ್ತೋದು ಹಾಗೆ." ದೂರು ಪುಸ್ತಕ ತೆರೆದು ಹಿಡಿದಳು. "ಎಡಗೈಯಲ್ಲಿ ಬರೆದ್ರೆ ಅಂಗೈ ಹಸಿ ಶಾಯಿ ಮೇಲೆ ಹಾದು ಹೋಗುತ್ತೆ. ಹನ್ನೊಂದು ದೂರಿನಲ್ಲೂ ಅಕ್ಷರ ಉಜ್ಜಿ ಹೋಗಿದೆ. ಮೇಷ್ಟ್ರೇ, ನಿಮ್ಮ ಎಡಗೈ ತೋರಿಸಿ."

ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ನೀಲಿ ಶಾಯಿ.

ಮೇಷ್ಟ್ರು ಎದ್ದು ನಿಂತರು, ಹಲಗೆಯ ಮುಂದೆ ಕರೆಸಿಕೊಂಡ ವಿದ್ಯಾರ್ಥಿಯ ಹಾಗೆ. "ಹೌದು. ನಾನೇ. ಮೊದಲನೇ ದಿನ ದೂರಿಗೆ ಸಾಕ್ಷಿ ಹುಡುಕೋಣ ಅಂತ ತೆಗೆದೆ. ಇವರು ಏನು ಗಲಾಟೆ ಕೇಳ್ತಾರೆ ನೋಡೋಣ ಅಂತ. ಕೈಗೆ ಸಿಕ್ಕಿದ್ದು ಆ ತಾಯಿ ಹಾಡು. ಹಿಂದೆ ಗೋಡೆ ಗಡಿಯಾರದ ಟಿಕ್ ಟಿಕ್. ನಿವೃತ್ತಿ ಆದಾಗಿನಿಂದ ನನಗೆ ನಿದ್ದೆ ಇಲ್ಲ ಸ್ವಾಮಿ. ಮೂವತ್ತೆಂಟು ವರ್ಷ ಮಕ್ಕಳ ಗದ್ದಲ ಕೇಳಿದ ಕಿವಿ. ಮನೇಲಿ ಒಬ್ಬನೇ, ಬರೀ ಮೌನ. ಅವತ್ತು ಎರಡನೇ ಸಾಲಿಗೇ ನಿದ್ದೆ ಬಂತು. ನಲವತ್ತು ನಿಮಿಷ! ಆಮೇಲೆ ಬಿಡೋಕಾಗ್ಲಿಲ್ಲ."

"ಕೇಳಿದ್ರೆ ಕೇಳಿದ್ರಿ," ಅಜ್ಜ ಗದರಿದರು. "ಅಳಿಸಿದ್ದು ಯಾಕೆ?"

"ಅಳಿಸ್ಲಿಲ್ಲ! ಮಂಗಳವಾರ ನೀವು ಹೇಳಿದ್ರಲ್ಲ, ಶುಕ್ರವಾರ ಡಬ್ಬಿ ಮಗಳ ಮನೆಗೆ, ಒಂದು ತಿಂಗಳು ಬರಲ್ಲ ಅಂತ. ನನಗೂ ಒಂದು ಪ್ರತಿ ಇರಲಿ ಅಂತ..." ಮೇಷ್ಟ್ರು ಗೋಡೆಯತ್ತ ಬೆರಳು ತೋರಿಸಿದರು. "ಅಲ್ಲಿ ಬರೆದಿರೋ ಹಾಗೇ ಮಾಡಿದೆ. ಒಂದಕ್ಷರ ತಪ್ಪಿಲ್ಲ."

ಗೋಡೆಯ ಮೇಲೆ ಹದ್ದಕ್ಕನ ಸ್ವಹಸ್ತದ ಸೂಚನೆ. 'ನಿಮ್ಮ ಕಡತ ಇಲ್ಲಿ ಬಿಟ್ಟು ಹೋಗಬೇಡಿ. ಕಂಟ್ರೋಲ್ ಮತ್ತು ಎಕ್ಸ್ ಒತ್ತಿ, ಬೇಕಾದ ಕಡೆ ಹೋಗಿ ಕಂಟ್ರೋಲ್ ಮತ್ತು ವಿ ಒತ್ತಿ. ಸಂಜೆ ನಾಲ್ಕೂ ಮುಕ್ಕಾಲಿಗೆ ಯಂತ್ರದಲ್ಲಿ ಉಳಿದದ್ದೆಲ್ಲ ತಾನಾಗಿ ಅಳಿಸಿಹೋಗುವುದು.'

ಹದ್ದಕ್ಕ ನಾಲಗೆ ಕಚ್ಚಿಕೊಂಡಳು. ಹಂಚಿಕೊಂಡು ಬಳಸುವ ಯಂತ್ರದಲ್ಲಿ ಯಾರದೂ ಏನೂ ಉಳಿಯಬಾರದೆಂದು, ಪ್ರತಿ ಮಾಡುವ ದಾರಿ ಬಿಟ್ಟು ಕಿತ್ತೊಯ್ಯುವ ದಾರಿಯನ್ನಷ್ಟೇ ಅವಳು ಬರೆದಿದ್ದಳು. ಮೇಷ್ಟ್ರು ಅದನ್ನು ತಿರುವುಮುರುವಾಗಿ ಪಾಲಿಸಿದ್ದರು. ಹಾಡು ಅಜ್ಜನ ಡಿಸ್ಕಿನಿಂದ ಕಿತ್ತು ಮೂರನೇ ಯಂತ್ರದ ಪರದೆಗೆ ಬಂದಿತ್ತು.

"ಅಂಗಡಿಯಿಂದ ಪೆನ್ ಡ್ರೈವ್ ತಂದು, ನಾಲ್ಕೂ ಮುಕ್ಕಾಲರೊಳಗೆ ಹಾಕ್ಕೊಳ್ಳೋಣ ಅಂತ ಹೊರಟೆ," ಮೇಷ್ಟ್ರ ದನಿ ಕುಗ್ಗಿತು. "ದಾರೀಲಿ ಮನೆ. ಜೋಗುಳ ಕೇಳಿದ ಗುಂಗು. ಐದು ನಿಮಿಷ ಅಡ್ಡಾಗೋಣ ಅಂದ್ಕೊಂಡೆ. ಎದ್ದಾಗ ಏಳು ಗಂಟೆ. ನಿಮ್ಮ ತಾಯಿ ದನೀನ ನಾನು ಕೈಯಾರೆ ಕಳೆದೆ. ಹೇಳೋ ಧೈರ್ಯ ಬರ್ಲಿಲ್ಲ."

ಅಜ್ಜ ತಲೆ ತಗ್ಗಿಸಿದರು.

"ಎಲ್ಲಾ ನನ್ನ ಸೂಚನೆಯಿಂದಾನೇ ಆಗಿದ್ದು. ಅರ್ಧ ಕಳ್ಳಿ ನಾನೇ," ಅಂದಳು ಹದ್ದಕ್ಕ. "ಈಗ ಗಂಟೆ ಎಷ್ಟು?"

"ನಾಲ್ಕೂ ನಲವತ್ನಾಲ್ಕು," ಅಂದರು ಅಜ್ಜ, ಗಡಿಯಾರ ನೋಡದೆಯೇ.

"ಹಾಗಾದ್ರೆ ಪರದೆ ನೋಡಿ."

ನಾಲ್ಕೂ ಮುಕ್ಕಾಲಾಯಿತು. ಒಂದನೇ ಕಂಪ್ಯೂಟರು ಕಣ್ಣು ಮಿಟುಕಿಸಿ ಖಾಲಿಯಾಯಿತು. ಎರಡನೆಯದು. ನಾಲ್ಕನೆಯದು. ಐದನೆಯದು. ಹದ್ದಕ್ಕ ಮೂರನೆಯದರ ಪರದೆ ಹಚ್ಚಿದಳು. ಅದು ಮಿಸುಕಲಿಲ್ಲ. ಮೂಲೆಯಲ್ಲಿ ಅದರ ಗಂಟೆ ತೋರುತ್ತಿತ್ತು: ಬೆಳಿಗ್ಗೆ 7:45.

"ಐದಕ್ಕೆ ನಾನು ಕರೆಂಟು ತೆಗೀತೀನಿ. ಆಗ ಇದಕ್ಕೆ ಬೆಳಿಗ್ಗೆ ಎಂಟು. ಮಾರನೇ ದಿನ ಮತ್ತೆ ಸೊನ್ನೆಯಿಂದ ಶುರು. ಎರಡು ತಿಂಗಳಿಂದ ಮೂರನೇ ಯಂತ್ರಕ್ಕೆ ಸಂಜೆ ಅನ್ನೋದೇ ಆಗಿಲ್ಲ!"

ಪರದೆಯ ಮೇಲೆ ಎರಡು ತಿಂಗಳ ಕಸ ಅಟ್ಟದ ಸಾಮಾನಿನಂತೆ ತುಂಬಿತ್ತು. ಯಾರದೋ ಕೆಲಸದ ಅರ್ಜಿ, ಯಾರದೋ ಬಾಡಿಗೆ ಪತ್ರ, ಬೆಕ್ಕಿನ ಫೋಟೋ ಹದಿನಾರು. ಅವುಗಳ ನಡುವೆ, ಎಡತುದಿಯಲ್ಲಿ, ಎರಡಕ್ಷರ. 'ಅಮ್ಮ.'

ಕಂಕುಳಲ್ಲಿ ಕೂಸಿಟ್ಟುಕೊಂಡು ಎರಡು ದಿನ ಊರೆಲ್ಲ ಹುಡುಕಿದ್ದರು.

ಅಜ್ಜ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ಅವರಿಗೇ ತಿಳಿಯಲಿಲ್ಲ. ಕಾವಲುಗಾರ ಟಾರ್ಚು ಹಚ್ಚಿ ಆರಿಸಿ ಹಚ್ಚಿ ಸಂಭ್ರಮ ಪಟ್ಟ. ಹದ್ದಕ್ಕ ಕಂಟ್ರೋಲ್ ಮತ್ತು ಸಿ ಒತ್ತಿ ಹಾಡಿನ ಪ್ರತಿಯನ್ನು ಡಿಸ್ಕಿಗೆ ಸೇರಿಸಿದಳು. ಗ್ರಂಥಾಲಯದ ಪೆನ್ ಡ್ರೈವಿಗೊಂದು, ಮೇಷ್ಟ್ರಿಗೊಂದು. ಗೋಡೆಯ ಸೂಚನೆಯನ್ನು ಹರಿದು ಬುಟ್ಟಿಗೆ ಹಾಕಿದಳು.

"ಸರಿ ಇದೆಯೋ ಇಲ್ವೋ ಹಾಕಿ ನೋಡ್ಬೇಡ್ವಾ?" ಎಂದು ಕೇಳಿದಳು.

"ಬೇಡ," ಅಂದರು ಅಜ್ಜ. "ಮೊದಲು ಮಗು ಕೇಳಲಿ. ಸರಿ ಇದೆ ಅಂತ ಮೇಷ್ಟ್ರ ಗೊರಕೆನೇ ಸಾಕ್ಷಿ." ಆಮೇಲೆ ಜೇಬಿನಿಂದ ಬಟನ್ ಬ್ಯಾಟರಿ ತೆಗೆದು ಅಂಗೈಯಲ್ಲಿಟ್ಟು ನೋಡಿದರು. "ಇದನ್ನ ನೀನು ಹಾಕೋಕೆ ಬಿಟ್ಟಿದ್ರೆ ನಮ್ಮಮ್ಮ ಹೋಗಿರ್ತಿದ್ಲು. ನಿನ್ನ ಅರ್ಜಿಗೆ ದೊಡ್ಡ ನಮಸ್ಕಾರ ತಾಯಿ."

* * *

ತಿಂಗಳು ಕಳೆದ ಮೇಲೆ ಅಜ್ಜ ಡಬ್ಬಿ ಹಿಡಿದು ಬಂದರು. ಕಣ್ಣು ಕೆಂಪಗೆ ಊದಿಕೊಂಡಿತ್ತು. ಮೇಷ್ಟ್ರು ಓದುವ ಕೋಣೆಯಿಂದ ಎದ್ದು ಬಂದರು. ಅವರ ಕೆನ್ನೆ ತುಂಬಿತ್ತು, ಮುಖದಲ್ಲಿ ಕಳೆಯಿತ್ತು.

ಹದ್ದಕ್ಕ ಡಿಸ್ಕು ಚುಚ್ಚಿ, ತಡೆಯಲಾರದೆ ಆ ಪಟ್ಟಿ ತೆರೆದಳು. ಮಗಳ ಮನೆಯ ಕಂಪ್ಯೂಟರಿನಲ್ಲಿ 'ಅಮ್ಮ' ಇಪ್ಪತ್ತೊಂಬತ್ತು ಸಲ ಹಾಡಿದ್ದಳು. ತಾರೀಕು ನಿಜವಾದದ್ದು. ಗಂಟೆ ನೋಡಿ ಅವಳು ಕಣ್ಣುಜ್ಜಿಕೊಂಡಳು. ನಸುಕಿನ 4:10. ನಸುಕಿನ 4:12. ಮತ್ತೆ 4:10.

"ಅಜ್ಜ, ಆ ಕಂಪ್ಯೂಟರಿನ ಬ್ಯಾಟರಿನೂ ಸತ್ತಿದೆಯಾ?"

"ಅದರದು ಗಟ್ಟಿಯಾಗೇ ಇದೆ ತಾಯಿ. ಸತ್ತಿರೋದು ನಂದು. ಆ ಪುಟ್ಟಿ ದಿನಾ ಸರಿಯಾಗಿ ನಾಲ್ಕು ಹತ್ತಕ್ಕೆ ಏಳ್ತಾಳೆ. ಎರಡು ನಿಮಿಷಕ್ಕಿಂತ ಆಚೀಚೆ ಇಲ್ಲ. ನನ್ನ ಮೊಮ್ಮಗಳಲ್ವಾ!"

"ಜೋಗುಳ ಹಾಕಿದ್ರೆ ಮಲಗ್ತಾಳಾ?"

"ಯಾರಿಗೆ ಗೊತ್ತು?" ಅಜ್ಜ ಆಕಳಿಸಿದರು. "ಎರಡನೇ ಸಾಲಿಗೇ ನನಗೆ ನಿದ್ದೆ ಬಂದಿರುತ್ತೆ."